ಉಪ್ಪಿನ ರಾಶಿಯ ಪಕ್ಕ ಕುಳಿತ ಮುದುಕಿ

ಕ್ಯುಪರ್ಟಿನೋ
19 ಜನವರಿ 2025

ಪ್ರಿಯ ನಾಗವ್ವ,

ಅಕ್ಷರ ನೋಡಿಯೇ ಯಾರೆಂದು ಗುರುತು ಹಿಡಿದಿರುತ್ತೀ. ಹಿಡಿಯದಿದ್ದರೆ ಹೇಳಿಬಿಡುತ್ತೇನೆ: ನಾನು ನಿರುಪಮಾ, ಹಳಿಯಾಳದಲ್ಲಿ ಒಂಬತ್ತು, ಹತ್ತನೇ ಕ್ಲಾಸಿನಲ್ಲಿ ನಿನ್ನ ಪಕ್ಕ ಕೂರುತ್ತಿದ್ದ ಬ್ಯಾಂಕ್ ಮ್ಯಾನೇಜರ್ ಮಗಳು. ಅಪ್ಪನಿಗೆ ಮೈಸೂರಿಗೆ ವರ್ಗವಾದ ಮೇಲೆ ನಿನಗೆ ಒಂದು ಕಾಗದವನ್ನೂ ಬರೆಯಲಿಲ್ಲ. ಇಪ್ಪತ್ತೆಂಟು ವರ್ಷವಾಯಿತು.

ನಮ್ಮ ಬ್ಯಾಚಿನ ವಾಟ್ಸಪ್ ಗ್ರೂಪಿನಲ್ಲಿ ನೀನಿಲ್ಲ. ಪ್ರದ್ಯುಮ್ನ ಇದ್ದಾನೆ. ನೀನು ಮುಂಡಗೋಡದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್ ಆಗಿದ್ದೀ ಎಂದು ಅವನೇ ಹೇಳಿ ವಿಳಾಸ ಕೊಟ್ಟ. ಫೋನ್ ನಂಬರನ್ನೂ ಕೊಟ್ಟ. ಯಾಕೋ ಫೋನಿಗಿಂತ ಕಾಗದವೇ ಸರಿ ಅನಿಸಿತು.

ನನ್ನ ಆಫೀಸು ಇರುವುದು ಮೌಂಟನ್ ವ್ಯೂದಲ್ಲಿ. ಮೊದಲು ಮನೆಯೂ ಅಲ್ಲೇ ಇತ್ತು, ಮಗಳ ಸ್ಕೂಲಿಗೋಸ್ಕರ ಕ್ಯುಪರ್ಟಿನೋಗೆ ಬಂದೆವು. ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟು. ನಾನು, ನನ್ನ ಗಂಡ ಅಚ್ಯುತ, ಹನ್ನೆರಡು ವರ್ಷದ ವಿಭಾ. ನಿನ್ನ ವಿಷಯ ಎಲ್ಲ ಬರೆ. ಅಜ್ಜಿ ಇದ್ದಾರಾ?

ಒಂದು ಸಣ್ಣ ಸಹಾಯ ಬೇಕಿತ್ತು. ವಿಭಾಗೆ ಏಳನೇ ಕ್ಲಾಸಿನಲ್ಲಿ ಈಗ ಆಫ್ರಿಕಾದ ಹಳೆಯ ರಾಜ್ಯಗಳ ಪಾಠ ನಡೆಯುತ್ತಿದೆ. ಘಾನಾ, ಮಾಲಿ, ಮರುಭೂಮಿ ದಾಟಿ ಬರುವ ಉಪ್ಪು, ದಕ್ಷಿಣದ ಕಾಡುಗಳಿಂದ ಬರುವ ಚಿನ್ನ. ನನಗೆ ಹತ್ತನೇ ಕ್ಲಾಸಿನ ‘ಉಪ್ಪು ಮತ್ತು ಚಿನ್ನ’ ಪ್ರಬಂಧ ನೆನಪಾಯಿತು. ಜಿಲ್ಲೆಗೆ ಮೊದಲ ಬಹುಮಾನ ಬಂತಲ್ಲ, ಅದು. ಅದಕ್ಕೆ ಯಾವ ಪುಸ್ತಕ ನೋಡಿದ್ದು? ಇಲ್ಲಿ ಏನೇ ಬರೆದರೂ ಕೊನೆಯಲ್ಲಿ ಆಧಾರ ಕೊಡಬೇಕು. ಪುಸ್ತಕದ ಹೆಸರು, ಬರೆದವರ ಹೆಸರು, ವರ್ಷ. ಮಗಳು ದಿನಾ ಕೇಳುತ್ತಿದ್ದಾಳೆ.

ಬೇಗ ಬರೆಯುತ್ತೀಯಲ್ಲ?

ನಿನ್ನ
ನಿರುಪಮಾ


ಮುಂಡಗೋಡ
8 ಫೆಬ್ರವರಿ 2025

ನಿರುಪಮಾ ಬಾಯಾರೇ,

ಅಮೆರಿಕದ ಅಂಚೆಚೀಟಿ ನೋಡಿ ನಮ್ಮ ಸ್ಟಾಫ್ ರೂಮಿನಲ್ಲಿ ದೊಡ್ಡ ಸುದ್ದಿಯಾಯಿತು. ಹೆಡ್‌ಮಾಸ್ತರರು ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿ, “ನಾಗವ್ವ ಟೀಚರ್‍ಗೆ ಅಲ್ಲಿಂದ ಯಾರ ಬರದಾರ್ರೀ?” ಎಂದರು. ನನ್ನ ಬೆಂಚಿನ ಹುಡುಗಿ ಎಂದೆ. ಅವರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ನಿನ್ನ ಅಕ್ಷರ ಇನ್ನೂ ಹಾಗೇ ಇದೆ, ಗುಂಡಗೆ. ನನ್ನದೂ ಹಾಗೇ ಇದೆ, ಕೋಳಿ ಕೆದರಿದ ಹಾಗೆ. ಮಕ್ಕಳು ಬೋರ್ಡು ನೋಡಿ, “ಟೀಚರ್, ಅದು ಏನ್ರೀ?” ಎಂದು ಈಗಲೂ ಕೇಳುತ್ತವೆ.

ಆಫ್ರಿಕಾದ ಪಾಠ ನಮ್ಮಲ್ಲೂ ಇದೆ. ಅದು ಬಂದ ದಿನ ನಲವತ್ತು ಮಕ್ಕಳು ನಕಾಶೆ ಬಿಟ್ಟು ನನ್ನನ್ನು ನೋಡುತ್ತವೆ. ನಮ್ಮ ಸಿದ್ದಿ ಜನರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದರು, ಅಷ್ಟೇ ನನಗೆ ಗೊತ್ತಿರುವುದು. ನಾನಂತೂ ಗೋವಾ ದಾಟಿ ಆಚೆ ಹೋದವಳಲ್ಲ. ಮೊದಲ ವರ್ಷ ಆ ಪಾಠವನ್ನು ಬಿಟ್ಟೇಬಿಟ್ಟಿದ್ದೆ. ಈಗ ಪೂರ್ತಿ ಮಾಡುತ್ತೇನೆ, ಸ್ವಲ್ಪ ಹೆಚ್ಚೇ ಮಾಡುತ್ತೇನೆ.

ಪುಸ್ತಕದ ವಿಷಯಕ್ಕೆ ಬರುತ್ತೇನೆ. ಅದು ಚರ್ಚಿನ ಫಾದರ್ ಹತ್ತಿರ ಇದ್ದ ಇಂಗ್ಲಿಷ್ ಪುಸ್ತಕ. ಮೇಲಿನ ರಟ್ಟು ಇರಲಿಲ್ಲ, ಮೊದಲ ನಲವತ್ತು ಪುಟವೂ ಇರಲಿಲ್ಲ. ಹೆಸರು ಅವರಿಗೂ ಗೊತ್ತಿರಲಿಲ್ಲ. ಡಿಕ್ಷನರಿ ಹಿಡಿದು ಒಂದು ಪುಟಕ್ಕೆ ಒಂದು ಸಂಜೆ ಕೂರುತ್ತಿದ್ದೆ. ಮಾತಿಲ್ಲದ ವ್ಯಾಪಾರದ ಕಥೆ ಓದಿ ಮರುದಿನ ಪ್ರಾರ್ಥನೆಯ ಹೊತ್ತಿಗೇ ನಿನಗೆ ಹೇಳಿದ್ದೆ, ನೆನಪಿದೆಯಾ? ಇವರು ಉಪ್ಪಿನ ರಾಶಿ ಇಟ್ಟು, ನಗಾರಿ ಬಾರಿಸಿ ದೂರ ಹೋಗುತ್ತಾರೆ. ಅವರು ಬಂದು ಪಕ್ಕದಲ್ಲಿ ಚಿನ್ನದ ಪುಡಿ ಇಟ್ಟು ಹೋಗುತ್ತಾರೆ. ಸಾಲದಿದ್ದರೆ ಇವರು ಮುಟ್ಟುವುದಿಲ್ಲ, ಅವರು ಇನ್ನಷ್ಟು ಇಡುತ್ತಾರೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಆದರೂ ಮೋಸ ಇಲ್ಲ. ಘಾನಾದಲ್ಲಿ ಪಟ್ಟ ರಾಜನ ಮಗನಿಗಲ್ಲ, ರಾಜನ ತಂಗಿಯ ಮಗನಿಗೆ ಎಂದಾಗ ನೀನು ನಕ್ಕು, “ಪಾಪ ರಾಜನ ಹೆಂಡತಿ” ಎಂದಿದ್ದೆ.

ಇಷ್ಟು ಕೇಳುವುದಕ್ಕೆ ನೀನು ಕಾಗದ ಬರೆದಿಲ್ಲ, ನಿರೂ. ಅದು ನನಗೆ ಗೊತ್ತು. ನೀನು ಬರೆಯಲು ಕೂತದ್ದು ಬೇರೆ ಏನೋ, ಕೈ ತಡೆದಿದೆ. ನಾನು ಬರೆದ ಪ್ರಬಂಧ ನಿನ್ನ ಹೆಸರಿನಲ್ಲಿ ಹೋದದ್ದನ್ನು ನೀನೂ ಮರೆತಿಲ್ಲ ಎಂದು ತಿಳಿದು ಒಂದು ರೀತಿ ಸಮಾಧಾನವಾಯಿತು. ಹೇಳಬೇಕಾದದ್ದನ್ನು ಮುಂದಿನ ಕಾಗದದಲ್ಲಿ ಹೇಳು. ನಾನು ಜಗಳವಾಡುವುದಿಲ್ಲ.

ಅಜ್ಜಿ ತೀರಿಕೊಂಡು ಹದಿನಾರು ವರ್ಷವಾಯಿತು. ಕೆಳಗೆ ಮನೆಯ ವಿಳಾಸ ಬರೆದಿದ್ದೇನೆ, ಇನ್ನು ಅಲ್ಲಿಗೇ ಬರೆ.

ನಾಗವ್ವ


ಕ್ಯುಪರ್ಟಿನೋ
23 ಫೆಬ್ರವರಿ 2025

ಪ್ರಿಯ ನಾಗು,

ನಿನ್ನ ಕಾಗದ ಬಂದು ತುಂಬಾ ಖುಷಿಯಾಯಿತು. ಅಜ್ಜಿಯ ವಿಷಯ ಓದಿ ಬೇಜಾರಾಯಿತು. ಹೆಡ್‌ಮಾಸ್ತರರ ಮಾತನ್ನು ಅಚ್ಯುತನಿಗೆ ಓದಿ ಹೇಳಿದೆ, ಇಬ್ಬರೂ ನಕ್ಕೆವು.

ಪುಸ್ತಕದ ಹೆಸರು ಇಲ್ಲದ್ದು ಸ್ವಲ್ಪ ಕಷ್ಟವೇ. ಪರವಾಗಿಲ್ಲ. ಉಪ್ಪು, ಚಿನ್ನ, ತಂಗಿಯ ಮಗ, ಇದೆಲ್ಲ ಬೇರೆ ಪುಸ್ತಕಗಳಲ್ಲೂ ಸಿಕ್ಕಿತು. ಒಂದು ಮಾತ್ರ ಎಲ್ಲೂ ಸಿಗುತ್ತಿಲ್ಲ. ನಮ್ಮ ಪ್ರಬಂಧದ ಕೊನೆಯಲ್ಲಿ ಒಬ್ಬ ಮುದುಕಿ ಬರುತ್ತಾಳಲ್ಲ. ಉಪ್ಪಿನವರಿಗೂ ಚಿನ್ನದವರಿಗೂ ಜಗಳ ಹತ್ತಿ ಬಡಿಗೆ ಎತ್ತಿದಾಗ ಸಂತೆಯ ನಡುವೆ ಬಂದು, ಉಪ್ಪಿನ ರಾಶಿಯ ಪಕ್ಕ ಸೀರೆಯ ತುಂಡು ಹಾಸಿ ಕೂತುಬಿಡುತ್ತಾಳೆ. ಎರಡೂ ಕಡೆಯವರು ಒಂದೇ ಗಡಿಗೆಯಿಂದ ಅಂಬಲಿ ಕುಡಿಯುವವರೆಗೂ ಏಳುವುದಿಲ್ಲ ಎನ್ನುತ್ತಾಳೆ. ರಾಜನ ಕಡೆಯವರು ಬಂದು ಎಬ್ಬಿಸಿದರೆ, “ರಾಜನಿಗೂ ಜಾಗ ಇದೆ, ಬಂದು ಪಕ್ಕ ಕೂರಲಿ” ಎನ್ನುತ್ತಾಳೆ. ಇಲ್ಲಿಯ ಟೀಚರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಹಳೆಯ ಕಾಲದ ನಾಯಕತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ ಎನ್ನುತ್ತಾರೆ. ಅದು ಯಾವ ರಾಜ್ಯದ್ದು, ಯಾರ ಕಾಲದ್ದು ಎಂದು ನಿನಗೆ ನೆನಪಿದ್ದರೆ ಬರೆ. ಮೇ ಹದಿನೈದಕ್ಕೆ ಓಪನ್ ಹೌಸು, ಅಂದರೆ ಮಕ್ಕಳ ಕೆಲಸವನ್ನೆಲ್ಲ ಗೋಡೆಗೆ ಹಾಕಿ ಅಪ್ಪ ಅಮ್ಮಂದಿರನ್ನು ಕರೆಯುತ್ತಾರೆ. ಅಷ್ಟರೊಳಗೆ ಗೊತ್ತಾದರೆ ಸಾಕು.

ನೀನು ಕೇಳಿದ ಬೇರೆ ವಿಷಯ ನಿಧಾನವಾಗಿ ಬರೆಯುತ್ತೇನೆ. ಆಫೀಸಿನಲ್ಲಿ ದಿನಾ ಮೀಟಿಂಗು, ಜೊತೆಗೆ ಯಾರ ಕೆಲಸ ಯಾವಾಗ ಹೋಗುತ್ತದೋ ಎಂಬ ಭಯ. ತಲೆ ಸರಿಯಿಲ್ಲ. ತಪ್ಪು ತಿಳಿಯಬೇಡ.

ನಿನ್ನ
ನಿರೂ


ಕ್ಯುಪರ್ಟಿನೋ
6 ಏಪ್ರಿಲ್ 2025

ನಾಗವ್ವ,

ಆರು ವಾರವಾಯಿತು, ನಿನ್ನ ಕಾಗದ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನನಗೆ ಗೊತ್ತು. ‘ನಮ್ಮ ಪ್ರಬಂಧ’ ಎಂದು ಬರೆದೆನಲ್ಲ, ಆ ಪದದ ಹತ್ತಿರ ಪೆನ್ನು ಎರಡು ಸಲ ನಿಂತಿತ್ತು. ಆದರೂ ಬರೆದೆ.

ಈಗ ನಿಜ ಹೇಳುತ್ತೇನೆ. ಹೇಳುವುದಕ್ಕೂ ನಾಚಿಕೆಯಾಗುತ್ತದೆ.

ಪಾಠದ ಜೊತೆಗೆ ಪ್ರತಿ ಮಗುವೂ ಮನೆಯಿಂದ ಏನಾದರೂ ತರಬೇಕಿತ್ತು, ಆ ಪಾಠಕ್ಕೂ ತಮ್ಮ ಕುಟುಂಬಕ್ಕೂ ಏನಾದರೂ ಸಂಬಂಧ ಇರುವಂಥದ್ದು. ವಿಭಾ ಸೊಟ್ಟ ಮುಖ ಮಾಡಿ, “ವಿ ಹ್ಯಾವ್ ನಥಿಂಗ್ ಟು ಡೂ ವಿತ್ ಆಫ್ರಿಕಾ, ಅಮ್ಮಾ” ಎಂದಳು. ಅವಳ ಪಾಲಿಗೆ ನಾನು ಊಟದ ಡಬ್ಬಿ ಮತ್ತು ಕಾರು. ನನಗೂ ಏನೋ ಗೊತ್ತು ಎಂದು ತೋರಿಸಬೇಕು ಅನಿಸಿತು. ಮಾರ್ಕ್ಸ್ ಕಾರ್ಡುಗಳ ಫೈಲಿನಿಂದ ಆ ಪ್ರಬಂಧ ತೆಗೆದೆ, ಸರ್ಟಿಫಿಕೇಟಿನ ಸಮೇತ. ಇಂಗ್ಲಿಷಿಗೆ ಅನುವಾದ ಮಾಡಿ ಕೊಟ್ಟೆ. ಅಮ್ಮ ಹದಿನೈದನೇ ವಯಸ್ಸಿನಲ್ಲಿ ಬರೆದದ್ದು ಎಂದು ಅವಳು ತಗೊಂಡು ಹೋದಳು. ಅದು ಈಗ ಅವರ ಕ್ಲಾಸಿನ ಗೋಡೆಯ ಮೇಲೆ ಇದೆ, ನನ್ನ ಫೋಟೋದ ಜೊತೆ. ಓಪನ್ ಹೌಸಿನ ದಿನ ಆ ಮುದುಕಿಯ ಭಾಗವನ್ನು ನಾನೇ ನಿಂತು ಓದಬೇಕೆಂದು ಟೀಚರ್ ಕೇಳಿದ್ದಾರೆ. ಒಪ್ಪಿಕೊಂಡಿದ್ದೇನೆ.

ನಿನಗೆ ಮೊದಲ ಕಾಗದ ಬರೆದದ್ದು ಅದಕ್ಕೇ. ಪುಸ್ತಕದ ಹೆಸರು ನನಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲವಲ್ಲ. ನೀನು ಅದನ್ನು ಬೇರೆ ಥರ ಓದಿಕೊಂಡೆ. ನಾನು ತಪ್ಪೊಪ್ಪಿಕೊಳ್ಳಲು ಬಂದಿದ್ದೇನೆ ಎಂದುಕೊಂಡೆ. ಅಷ್ಟು ಒಳ್ಳೆಯವಳು ನಾನಲ್ಲ.

ನಿನ್ನ ಕಾಗದವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟಿದ್ದೆ. ವಿಭಾ ಭಾನುವಾರ ಕನ್ನಡ ಶಾಲೆಗೆ ಹೋಗುತ್ತಾಳೆ. ಅವಳಿಗೆ ಅಚ್ಚಿನ ಅಕ್ಷರವೇ ಕಷ್ಟ, ಕೈಬರಹ ಎಲ್ಲಿ ಓದುತ್ತಾಳೆ ಎಂಬ ಧೈರ್ಯ ನನಗೆ. ಕೈಬರಹದ ಒಂದು ಕನ್ನಡ ಪತ್ರ ಓದಿಕೊಂಡು ಬನ್ನಿ ಎಂದು ಅಲ್ಲಿ ಹೋಮ್‌ವರ್ಕ್ ಕೊಟ್ಟಿದ್ದರಂತೆ. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅವಳು ಸ್ಟೂಲಿನ ಮೇಲೆ ಕೂತು ನಿನ್ನ ಕೋಳಿ ಕೆದರಿದ ಅಕ್ಷರದ ಕೆಳಗೆ ಬೆರಳಿಟ್ಟು ಜೋರಾಗಿ ಓದಿದಳು. “ನಾ-ನು ಬರೆ-ದ ಪ್ರ-ಬಂಧ ನಿನ್ನ ಹೆ-ಸ-ರಿನಲ್ಲಿ.” ಅಲ್ಲಿಗೆ ನಿಲ್ಲಿಸಿ ಮತ್ತೆ ಮೊದಲಿಂದ ಓದಿದಳು. ಆಮೇಲೆ “ಅಮ್ಮಾ, ವಾಟ್ ಡಸ್ ಶೀ ಮೀನ್?” ಎಂದಳು.

ಅವಳಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ನಂಜುಂಡಸ್ವಾಮಿ ಮೇಷ್ಟ್ರು ನನ್ನನ್ನು ಸ್ಟಾಫ್ ರೂಮಿಗೆ ಕರೆದು, ನಾಗವ್ವನ ಪ್ರಬಂಧವನ್ನು ನಿನ್ನ ಅಕ್ಷರದಲ್ಲಿ ನೀಟಾಗಿ ಬರೆದು ಕೊಡು ಎಂದರು. ಬರೆದೆ. ಕೆಳಗೆ ನಿನ್ನ ಹೆಸರು ಬರೆಯಲು ಹೋದಾಗ ಕೈ ಹಿಡಿದರು. “ನಿಂದೇ ಬರಿಯಮ್ಮ. ಅವಳ ಹೆಸರು ಹಾಕಿದರೆ ಇದನ್ನ ಯಾರೂ ಪ್ರಬಂಧ ಅಂತ ಓದಲ್ಲ, ಅವಳ ಮನೆ ಕಥೆ ಅಂತಾರೆ” ಎಂದರು. ಅವರು ಹೇಳಿದರು, ನಿಜ. ಆದರೆ ಬರೆದದ್ದು ನನ್ನ ಕೈ, ಅದೂ ತಡವರಿಸದೆ. ನನಗೆ ಒಳಗೊಳಗೇ ಸಂತೋಷವಾಗಿತ್ತು. ನೀನು ಆಮೇಲೆ ಏನೂ ಕೇಳಲಿಲ್ಲ. ನೀನು ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು, ಆ ಧೈರ್ಯದ ಮೇಲೇ ಅಷ್ಟನ್ನೂ ಮಾಡಿದ್ದು.

ವಿಭಾ ನನ್ನ ಜೊತೆ ಮಾತು ಬಿಟ್ಟು ನಾಲ್ಕು ದಿನವಾಯಿತು. ಅಚ್ಯುತ, “ಆಗ ನೀನು ಚಿಕ್ಕವಳು ಕಣೆ, ಬಿಡು. ಮೇಷ್ಟ್ರಿಗೆ ಎದುರಾಡಕ್ಕಾಗತ್ತಾ?” ಎನ್ನುತ್ತಾನೆ. ಈ ಜನವರಿಯಲ್ಲಿ ನಾನು ಚಿಕ್ಕವಳಾಗಿರಲಿಲ್ಲ.

ಕ್ಷಮಿಸು ಎಂದು ಕೇಳುತ್ತೇನೆ. ನಾನು ಏನು ಮಾಡಬೇಕು ಎಂದು ನೀನೇ ಹೇಳು. ಹೇಳಿದ ಹಾಗೆ ಮಾಡುತ್ತೇನೆ.

ನಿರುಪಮಾ


ಮುಂಡಗೋಡ
24 ಏಪ್ರಿಲ್ 2025

ನಿರುಪಮಾ,

ನಿನ್ನ ಫೆಬ್ರವರಿಯ ಕಾಗದಕ್ಕೆ ಮೂರು ಸಲ ಉತ್ತರ ಬರೆದು ಹರಿದು ಹಾಕಿದೆ. ‘ನಮ್ಮ’ ಎಂಬ ಪದಕ್ಕಲ್ಲ. ಆ ಮುದುಕಿ ಯಾವ ರಾಜ್ಯದವಳು ಎಂದು ಕೇಳಿದೆಯಲ್ಲ, ಅದಕ್ಕೆ.

ಅವಳು ನನ್ನ ಅಜ್ಜಿ. ಪುಸ್ತಕದಲ್ಲಿ ಅವಳು ಇರಲಿಲ್ಲ. ಅದರಲ್ಲಿ ರಾಜರಿದ್ದರು, ಒಂಟೆಗಳಿದ್ದವು, ಚಿನ್ನದ ಪಟ್ಟಿ ಕಟ್ಟಿದ ನಾಯಿಗಳು ಕೂಡ ಇದ್ದವು, ಹೆಂಗಸರು ಒಬ್ಬರೂ ಮಾತಾಡುತ್ತಿರಲಿಲ್ಲ. ನಮ್ಮ ಕೇರಿಯಲ್ಲಿ ಜೇನಿನ ಮರದ ಸಲುವಾಗಿ ಅಣ್ಣತಮ್ಮಂದಿರು ಕತ್ತಿ ಹಿಡಿದಾಗ ಅಜ್ಜಿ ಮರದ ಬುಡದಲ್ಲಿ ಅಂಬಲಿಯ ಗಡಿಗೆ ಇಟ್ಟುಕೊಂಡು ಸಂಜೆಯ ತನಕ ಕೂತಿದ್ದಳು. ಫಾರೆಸ್ಟಿನವರು ಬಂದು ಏಳು ಎಂದರೆ, “ಸಾಹೇಬ್ರ, ಜಾಗಾ ಐತಿ, ನೀವೂ ಕುಂದರ್ರಿ” ಎಂದಿದ್ದಳು. ಅವಳನ್ನು ಅಲ್ಲಿಂದ ಎತ್ತಿ ಒಯ್ದು ಆಫ್ರಿಕಾದ ಸಂತೆಯಲ್ಲಿ ಕೂರಿಸಿದ್ದು ನಾನು. ನಮ್ಮ ಕೇರಿಯ ಮುದುಕಿ ಎಂದು ಬರೆಯಲು ನಾಚಿಕೆ. ಹಾಗೆ ಬರೆದರೆ ಮಾರ್ಕ್ಸ್ ಯಾರು ಕೊಡುತ್ತಾರೆ ಎಂಬ ಯೋಚನೆ. ಆದ್ದರಿಂದ ನಾಚಿಕೆ ನಿನ್ನೊಬ್ಬಳದೇ ಅಂದುಕೊಳ್ಳಬೇಡ. ಅಜ್ಜಿಯನ್ನು ಮೊದಲು ಮುಚ್ಚಿಟ್ಟವಳು ನಾನೇ.

ಇನ್ನೊಂದು ನಿನಗೆ ಗೊತ್ತಿಲ್ಲ. ಬಹುಮಾನ ಬಂದ ಮೇಲೆ ಶಾಲೆಯಲ್ಲಿ ಸಭೆ ಮಾಡಿ ನಿನ್ನ ಕೈಯಲ್ಲಿ ಪ್ರಬಂಧ ಓದಿಸಿದರಲ್ಲ, ಅವತ್ತು ಅಜ್ಜಿ ಜೇನು ಮಾರಲು ಪೇಟೆಗೆ ಬಂದವಳು ನನ್ನನ್ನು ಕರೆದುಕೊಂಡು ಹೋಗಲು ಶಾಲೆಗೆ ಬಂದಿದ್ದಳು. ಹೊರಗೆ ಪಡಸಾಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತು ಎಲ್ಲ ಕೇಳಿಸಿಕೊಂಡಳು. ದಾರಿಯಲ್ಲಿ ಕೇಳಿದಳು, “ಆ ಹುಡುಗಿ ನನ್ನ ಕತಿನ ಹೇಳಿದ್ಲಲ್ಲ. ನೀ ಹೇಳಿದ್ದಿಯೇನ ಆಕಿಗೆ?” ನಾನು ಹೂಂ ಎಂದೆ. ಬರೆದದ್ದು ನಾನು ಎನ್ನಲು ಬಾಯಿ ಬರಲಿಲ್ಲ. ಅವಳು ಆರು ಮೈಲಿಯೂ ಖುಷಿಯಲ್ಲಿ ನಡೆದಳು. “ದೊಡ್ಡವರ ಮನೀ ಹುಡುಗಿ, ಆದ್ರೂ ನೋಡ, ಎಷ್ಟ ಚಲೋ ನೆನಪಿಟ್ಟಾಳ” ಎಂದಳು. ಅದಕ್ಕೂ ಮೊದಲು ಒಮ್ಮೆ ನೀನು ನಮ್ಮ ಮನೆಗೆ ಬಂದಾಗ ಎಲೆಯ ಮೇಲೆ ಜೇನು ಹಾಕಿ ಕೊಟ್ಟಳು, ನೀನು ಹಲ್ಲುನೋವು ಎಂದು ತಿನ್ನಲಿಲ್ಲ. ಹಲ್ಲುನೋವಲ್ಲ ಎಂದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಾಗಲಿಲ್ಲ. ಸಾಯುವವರೆಗೂ, “ನಿನ್ನ ಗೆಳತಿದು ಹಲ್ಲು ಆರಾಮ ಆತೇನು?” ಎಂದು ಕೇಳುತ್ತಿದ್ದಳು.

ನೀನು ಕ್ಷಮೆ ಕೇಳಿದ್ದೀ. ನನ್ನ ಪಾಲಿನದು ಬೇಕಿದ್ದರೆ ತಗೋ. ಅಜ್ಜಿಯ ಪಾಲಿನದನ್ನು ಕೊಡಲು ನನಗೆ ಅಧಿಕಾರ ಇಲ್ಲ, ಕೇಳಲು ಅವಳೂ ಇಲ್ಲ.

ಏನು ಮಾಡಬೇಕು ಎಂದು ಕೇಳಿದ್ದೀ. ಮಗಳ ಸ್ಕೂಲಿನ ಆ ಸಭೆಯಲ್ಲಿ ನಿಂತು, ಇದು ಆಫ್ರಿಕಾದ ಹಳೆಯ ಕಾಲದ ಮುದುಕಿಯಲ್ಲ, ಹಳಿಯಾಳದ ಹತ್ತಿರದವಳು, ಸಿದ್ದಿ ಹೆಂಗಸು, ಬರೆದವಳು ಅವಳ ಮೊಮ್ಮಗಳು ಎಂದು ಹೇಳು. ಆಧಾರ ಕೊಡಬೇಕು ಎಂದಿದ್ದೆಯಲ್ಲ. ಅವಳ ಹೆಸರು ಪುತಳಿ. ಇಷ್ಟು ವರ್ಷದಲ್ಲಿ ನೀನು ಕೇಳಲಿಲ್ಲ, ಅದಕ್ಕೆ ನಾನೇ ಬರೆಯುತ್ತಿದ್ದೇನೆ. ಪುತಳಿ ಸಿದ್ದಿ.

ಮಗಳಿಗೆ ಹೇಳು, ಅವಳು ಚೆನ್ನಾಗಿ ಓದಿದ್ದಾಳೆ ಎಂದು. ನನ್ನ ಅಕ್ಷರ ನಮ್ಮ ಹೆಡ್‌ಮಾಸ್ತರರಿಗೇ ಓದಲು ಬರುವುದಿಲ್ಲ.

ನಾಗವ್ವ


ಕ್ಯುಪರ್ಟಿನೋ
18 ಮೇ 2025

ನಾಗವ್ವ,

ಹೇಳಿದೆ. ಹೇಗೆ ಆಯಿತು ಎಂದು ನಿನಗೆ ಸರಿಯಾಗಿ ಬರೆಯಬೇಕು.

ಗುರುವಾರ ಆಫೀಸಿನಿಂದ ನೇರವಾಗಿ ಸ್ಕೂಲಿಗೆ ಹೋದೆ. ಅಚ್ಯುತ ವಿಭಾಳನ್ನು ಕರೆತಂದಿದ್ದ. ಕ್ಲಾಸು ತುಂಬಿತ್ತು. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಅಪ್ಪ ಅಮ್ಮಂದಿರು ಮೊಣಕಾಲು ಮೇಲೆ ಮಾಡಿಕೊಂಡು ಕೂತಿದ್ದರು. ಅರ್ಧಕ್ಕರ್ಧ ನಮ್ಮವರೇ, ನಾಲ್ಕೈದು ಜನ ಪ್ರತಿ ವರ್ಷ ಯುಗಾದಿಗೆ ಸಿಗುವವರು. ಗೋಡೆಯ ಮೇಲೆ ಒಂಟೆಗಳ ಸಾಲು, ಕಾರ್ಡ್‌ಬೋರ್ಡಿನ ಮಸೀದಿ, ಮಧ್ಯದಲ್ಲಿ ನನ್ನ ಫೋಟೋ. ಟೀಚರ್ ನನ್ನನ್ನು ಮುಂದೆ ಕರೆದರು. ಇವರು ನಿಮಗೆ ಒಂದು ಪ್ಯಾರಾ ಓದುತ್ತಾರೆ, ಇದು ಈ ವರ್ಷದ ನನ್ನ ಅತ್ಯಂತ ಇಷ್ಟದ ಬರಹ ಎಂದರು.

ನಾನು ಓದಲಿಲ್ಲ. ನೀನು ಹೇಳಿದ್ದನ್ನು ನೀನು ಹೇಳಿದ ಹಾಗೆಯೇ ಹೇಳಿದೆ. ಈ ಮುದುಕಿಯ ಹೆಸರು ಪುತಳಿ ಸಿದ್ದಿ. ಬರೆದವಳು ಅವಳ ಮೊಮ್ಮಗಳು ನಾಗವ್ವ. ನಾನು ಕದ್ದೆ, ಒಂದು ಸಲ ಹದಿನೈದನೇ ವಯಸ್ಸಿನಲ್ಲಿ, ಇನ್ನೊಂದು ಸಲ ಈ ಜನವರಿಯಲ್ಲಿ. ಇಂಗ್ಲಿಷಿನಲ್ಲಿ ಹೇಳಿದೆ. ಯುಗಾದಿಗೆ ಸಿಗುವವರ ಮುಖ ನೋಡಲಾಗಲಿಲ್ಲ, ನೆಲ ನೋಡಿಕೊಂಡು ಹೇಳಿದೆ. ಜೇನಿನ ವಿಷಯ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಎಲ್ಲ ಮುಗಿಯಿತು, ಇನ್ನು ಇವರು ನನ್ನನ್ನು ಏನು ಬೇಕಾದರೂ ಅಂದುಕೊಳ್ಳಲಿ ಎಂದು ಸಿದ್ಧಳಾಗಿ ನಿಂತೆ.

ಅವರು ಚಪ್ಪಾಳೆ ತಟ್ಟಿದರು, ನಾಗು. ಹಿಂದಿನ ಸಾಲಿನವರು ಎದ್ದು ನಿಂತು ತಟ್ಟಿದರು. ಟೀಚರ್ ಕಣ್ಣೊರೆಸಿಕೊಂಡು ಬಂದು ಅಪ್ಪಿಕೊಂಡು, ಎಷ್ಟು ಧೈರ್ಯ ನಿಮಗೆ, ಮಕ್ಕಳಿಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಇಲ್ಲ ಎಂದರು. ಕಾರಿಡಾರಿನಲ್ಲಿ ಒಬ್ಬ ತಾಯಿ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ತಪ್ಪು ಒಪ್ಪಿಕೊಳ್ಳುವುದರ ಬಗ್ಗೆ ತಮ್ಮ ಆಫೀಸಿಗೆ ಬಂದು ಮಾತಾಡುತ್ತೀರಾ ಎಂದು ಇನ್ನೊಬ್ಬರು ಕೇಳಿದರು. ಮೂರು ಜನ ನನ್ನ ಹೆಸರನ್ನು ಸ್ಪೆಲ್ಲಿಂಗ್ ಸಮೇತ ಕೇಳಿ ಫೋನಿನಲ್ಲಿ ಬರೆದುಕೊಂಡರು. ನಿನ್ನ ಹೆಸರನ್ನಾಗಲಿ ಅಜ್ಜಿಯ ಹೆಸರನ್ನಾಗಲಿ ಯಾರೂ ಇನ್ನೊಮ್ಮೆ ಕೇಳಲಿಲ್ಲ.

ನಾನು ಎಲ್ಲರಿಗೂ ಥ್ಯಾಂಕ್ಯೂ ಎಂದೆ. ನಿನಗೆ ಇದನ್ನು ಬಚ್ಚಿಡಬಾರದು, ಅದಕ್ಕೆ ಬರೆಯುತ್ತಿದ್ದೇನೆ: ಹಿತವಾಗಿತ್ತು. ಕಾರಿನವರೆಗೂ ಮೈ ಹಗುರವಾಗಿತ್ತು.

ಅಚ್ಯುತ ತನ್ನ ಕಾರಿನಲ್ಲಿ ಮುಂದೆ ಹೋದ. ವಿಭಾ ನನ್ನ ಜೊತೆ ಬಂದಳು. ಮನೆಯ ತಿರುವು ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು. ಅವಳು ನನಗೆ ಕನ್ನಡದಲ್ಲಿ ಒಂದು ಪೂರ್ತಿ ವಾಕ್ಯ ಹೇಳಿ ಎಷ್ಟು ವರ್ಷವಾಯಿತೋ ನೆನಪಿಲ್ಲ. ಪದ ಹುಡುಕಿ ಹುಡುಕಿ ನಿಧಾನವಾಗಿ ಕೇಳಿದಳು.

“ಅಮ್ಮಾ, ಕದ್ದಿದ್ದು ನೀನು. ಚಪ್ಪಾಳೆ ಯಾಕೆ ನಿಂಗೆ?”

ನಾನು ಗಾಡಿ ಓಡಿಸುತ್ತಿದ್ದೆ. ಮೂರು ದಿನವಾಯಿತು, ಅವಳು ಕೇಳಿದ್ದನ್ನು ಹಾಗೇ ನಿನಗೆ ಬರೆಯುತ್ತಿದ್ದೇನೆ.

ನಿರುಪಮಾ